ಬೆರಳಿಗಂಟಿದ ಸಿಂಧೂರ

ಮೇ ತಿಂಗಳ ಕೊನೆ. ಬೆಳ್ಳುಳ್ಳಿ ಮಡಿಯಲ್ಲಿ ಕಳೆ ಕಿತ್ತು ಎದ್ದು ನೋಡಿದರೆ ಬೆರಳಿಗೆಲ್ಲ ಸಿಂಧೂರ! ಹನುಮಂತನ ಗುಡಿ ಇಲ್ಲದ ಇಂಗ್ಲೆಂಡಿನ ಈ ಊರಿನಲ್ಲಿ, ವರ್ಷಕ್ಕಿಷ್ಟೆಂದು ಬಾಡಿಗೆ ಕೊಟ್ಟು ಹಿಡಿದ ತುಂಡು ನೆಲದಲ್ಲಿ, ಇದೆಲ್ಲಿಂದ ಬಂತು? ಎಲೆ ಮಗುಚಿದೆ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಡೆದು ಕೇಸರಿ ಪುಡಿ ಉದುರಿಸುತ್ತಿದ್ದವು.

ಪಕ್ಕದ ತುಂಡಿನ ಮುದುಕರು ಬಗ್ಗಿ ನೋಡಿ "ರಸ್ಟ್" ಎಂದರು, ಇವತ್ತು ಮೋಡ ಎನ್ನುವಷ್ಟು ಸಲೀಸಾಗಿ. ನಾನೋ ಮಲೆನಾಡಿನವನು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ಅಲ್ಲಿನ ಕಾಫಿಯನ್ನೇ ಎಬ್ಬಿಸಿ, ತೋಟಗಳಿಗೆ ಚಹಾ ತಂದು ಕೂರಿಸಿದ ಕಥೆ ಗೊತ್ತಿದ್ದವನು. ಆ ಕುಲದ ಹೆಸರು ಕೇಳಿದರೇ ಎದೆ ಝಲ್ಲೆನ್ನುತ್ತದೆ.

ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಎಲೆ ತೋರಿಸಿದೆ.

"ಬೋರ್ಡೋ ಹೊಡಿ ಮಾರಾಯ. 1 ಕೇಜಿ ಮೈಲುತುತ್ತ, 1 ಕೇಜಿ ಸುಣ್ಣ, 100 ಲೀಟರ್ ನೀರು." ಅಡಿಕೆಯ ಕೊಳೆಗೆ ಹೊಡೆಸಿ ಹೊಡೆಸಿ ಅವಳಿಗೆ ಅದು ಬಾಯಿಪಾಠ.

"ಇಲ್ಲಿ ಮನೆತೋಟದವರಿಗೆ ಅದೆಲ್ಲ ಸಿಗಲ್ಲಮ್ಮ."

"ಗೊಬ್ಬರ ಎಂತ ಹಾಕಿದ್ದೆ?"

"ಕೋಳಿಗೊಬ್ಬರ. ಎರಡು ಮೂಟೆ."

ಅಮ್ಮ ಮಾತಾಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ಸಾರಜನಕ ಅತಿಯಾದರೆ ಎಲೆ ಸೊಕ್ಕುತ್ತದೆ, ಮೆತ್ತಗಾಗುತ್ತದೆ. ಮಡಿ ಒತ್ತಾಗಿದ್ದರೆ ಇಬ್ಬನಿ ಬೇಗ ಆರುವುದಿಲ್ಲ. ಗಾಳಿಯಲ್ಲಿ ತೇಲಿಬರುವ ಪಕ್ಸೀನಿಯಾ ಶಿಲೀಂಧ್ರದ ಕಣಗಳಿಗೆ ನಾನೇ ಹಾಸಿಗೆ ಹಾಸಿಕೊಟ್ಟಿದ್ದೆ.

ಕತ್ತರಿ ತಂದು ಕೂತೆ. ತುಕ್ಕಿಲ್ಲದ ಎಲೆ ಹುಡುಕಿದರೆ ಗಿಡಕ್ಕೊಂದೂ ಕಷ್ಟ. ಬೆಳ್ಳುಳ್ಳಿಯ ಒಂದೊಂದು ಎಲೆಯ ಬುಡವೂ ಗಡ್ಡೆಗೆ ಒಂದೊಂದು ಸಿಪ್ಪೆ. ಎಲೆಯನ್ನೆಲ್ಲ ಸವರಿದರೆ ಗಡ್ಡೆ ಊದುವುದಾದರೂ ಯಾವುದರ ಬಲದಿಂದ? ತೀರಾ ಹಾಳಾದ ನಾಲ್ಕೆಲೆ ಕತ್ತರಿಸಿ ಕತ್ತರಿ ಮಡಚಿದೆ. ತುಕ್ಕು ಜೀವಂತ ಎಲೆಯ ಮೇಲಷ್ಟೇ ಬದುಕುವಂಥದು, ಮಣ್ಣೊಳಗಿನ ಗಡ್ಡೆಯ ತಂಟೆಗೆ ಹೋಗುವುದಿಲ್ಲ. ಗಡ್ಡೆ ಸಣ್ಣದಾಗುತ್ತದೆ, ಅಷ್ಟೇ.

ಈರುಳ್ಳಿ ಬಳಗದ ಲೀಕ್ ಗಿಡಗಳಿಗೂ ಆಗಸ್ಟಿನಲ್ಲಿ ತುಕ್ಕು ಹತ್ತಿತು. ಮುದುಕರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಚಳಿ ಬಿದ್ದ ಮೇಲೆ ಒಳಗಿನಿಂದ ಬಂದ ಹೊಸ ಎಲೆಗಳು ತೊಳೆದಿಟ್ಟಂತಿದ್ದವು. ಹೊರಗಿನೆರಡು ಸುಲಿದು ಬಿಸಾಡಿ ಪಲ್ಯ ಮಾಡಿದೆವು. ತುಕ್ಕು ಬಂದ ಮಡಿಗೆ ಮೂರು ವರ್ಷ ಈರುಳ್ಳಿ ಜಾತಿಯದೇನೂ ಹಾಕಬಾರದಂತೆ. ನನಗಿರುವುದೇ ನಾಲ್ಕು ಮಡಿ, ಅದರಲ್ಲೊಂದನ್ನು ಹೆಂಡತಿ ಕೊತ್ತಂಬರಿಗೆ ಹಿಡಿದಿದ್ದಾಳೆ. ಸುತ್ತಲ ತುಂಡುಗಳ ತುಕ್ಕು ಗಾಳಿಯಲ್ಲಿ ಹಾರಿಬರುವುದಕ್ಕೆ ಈ ಲೆಕ್ಕ ಯಾರು ಹೇಳಬೇಕು?

ಬೆಳ್ಳುಳ್ಳಿಯನ್ನು ಜುಲೈಯಲ್ಲೇ ಕಿತ್ತಿದ್ದೆ. ದೊಡ್ಡದೆಂದರೆ ಹಣ್ಣಡಿಕೆ ಗಾತ್ರ. ಅಂಗೈ ಮೇಲಿಟ್ಟು ಫೋನಿಗೆ ಹಿಡಿದೆ.

"ಇದನ್ನ ಸುಲಿತಾ ಕೂತ್ಕೋಬೇಡ," ಎಂದಳು ಅಮ್ಮ, "ಸಿಪ್ಪೆ ಸಮೇತ ಜಜ್ಜಿ ಸಾರಿನ ಒಗ್ಗರಣೆಗೆ ಹಾಕು."