ಗೆಳೆಯನ ಮಗನೊಂದಿಗೆ ಮಂಗಳೂರಿನಲ್ಲಿ

ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾವು ನಾಲ್ವರು ಗೆಳೆಯರು ಕುಟುಂಬ ಸಮೇತ ಮಂಗಳೂರಿನಲ್ಲಿ ಎರಡು ದಿನ ಕಳೆದೆವು. ಐದನೆಯವನು ಕಳೆದ ವರ್ಷ ಅಲ್ಲಾಹನ ಕರೆಗೆ ಓಗೊಟ್ಟಿದ್ದ. ಅವನ ಪತ್ನಿಯನ್ನೂ ಮಗನನ್ನೂ ಕರೆದೊಯ್ಯಬೇಕೆಂದು ಮೊದಲೇ ನಿರ್ಧರಿಸಿದ್ದೆವು. ಇದ್ದತ್ ಮುಗಿದು ತಿಂಗಳುಗಳಾಗಿದ್ದರೂ ಆಕೆ ಹಿಂಜರಿದರು. ನಮ್ಮ ಮನೆಯ ಹೆಂಗಸರು ಹೋಗಿ ಒತ್ತಾಯಿಸಿದ ಬಳಿಕವೇ ಹೊರಟರು.

ಬಂದರಿನ ಝೀನತ್ ಬಕ್ಷ್ ಮಸೀದಿಯಲ್ಲಿ ಝುಹರ್ ನಮಾಝ್ ನಿರ್ವಹಿಸಿದೆವು. ಕೆತ್ತನೆಯ ಮರದ ಕಂಬಗಳ ನಡುವೆ ಹುಡುಗ ನಮ್ಮ ಸಾಲಿನಲ್ಲಿಯೇ ನಿಂತಿದ್ದ. ಸಂಜೆ ಸುಲ್ತಾನ್ ಬತ್ತೇರಿಗೆ ಹೋದೆವು. ಶತ್ರುಗಳ ಹಡಗುಗಳು ಗುರುಪುರ ನದಿಯನ್ನು ಪ್ರವೇಶಿಸದಂತೆ ಕಾಯಲು ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ಅಲ್ಲಿಂದ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿಯ ಕಡಲತೀರ.

ದೋಣಿಯಲ್ಲಿ ಹುಡುಗ ಮೆಲ್ಲನೆ ಕೇಳಿದ: "ಮಾಮಾ, ಓದುವಾಗ ಅಪ್ಪ ಹೇಗಿದ್ದರು?"

ಒಬ್ಬೊಬ್ಬರೂ ತಮ್ಮ ನೆನಪನ್ನು ಹೇಳಿದೆವು. ಫಜ್ರ್‌ಗೆ ಬಾಗಿಲು ಬಡಿದು ನಮ್ಮನ್ನು ಎಬ್ಬಿಸುತ್ತಿದ್ದುದು, ಟ್ಯೂಷನ್ ಹಣದಲ್ಲಿ ಸಹಪಾಠಿಯೊಬ್ಬನ ಪರೀಕ್ಷಾ ಶುಲ್ಕ ಕಟ್ಟಿ ಯಾರಿಗೂ ಹೇಳಬೇಡಿರೆಂದದ್ದು. ಇವು ಅವನ ಪತ್ನಿಗೂ ತಿಳಿದಿರಲಿಲ್ಲ. ಆಕೆ ಕಣ್ಣೊರೆಸಿಕೊಂಡು ನಕ್ಕರು.

ತಂದೆ ತೀರಿಕೊಂಡ ಮೇಲೆ ಅವರ ಗೆಳೆಯರೊಂದಿಗೆ ಸಂಬಂಧ ಉಳಿಸಿಕೊಳ್ಳುವುದು ಅತಿ ಶ್ರೇಷ್ಠ ಪುಣ್ಯಕಾರ್ಯಗಳಲ್ಲೊಂದೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಆದರೆ ಮಕ್ಕಳು ಆ ಬಾಗಿಲಿಗೆ ಬರಬೇಕಾದರೆ ಗೆಳೆಯರು ಅದನ್ನು ತೆರೆದಿಟ್ಟಿರಬೇಕು. ಈ ರಜೆಯಲ್ಲಿ ನೀವು ಪ್ರವಾಸಕ್ಕೆ ಹೊರಡುವುದಾದರೆ, ಅಗಲಿದ ಗೆಳೆಯನ ಮನೆಗೂ ಒಂದು ಕರೆ ಮಾಡಿರಿ. ವಾಹನದಲ್ಲಿ ಎರಡು ಸೀಟು ಅವರಿಗಾಗಿ ಮೀಸಲಿರಲಿ.