ನೊಣದ ಕಣ್ಣಿಗೆ ದಿಕ್ಕು ಹೇಳಿದವರು

ಮಾಗಿದ ಬಾಳೆಹಣ್ಣಿಗೆ ಮುತ್ತುವ ಪುಟ್ಟ ಹಣ್ಣುನೊಣವನ್ನು ಓಡಿಸುವ ಮುಂಚೆ ಅದರ ಕಣ್ಣು ನೋಡಿದ್ದೀರಾ? ಕೆಂಪು ಚುಕ್ಕಿಯಷ್ಟೇ ಅಂತೀರಿ. ಸೂಕ್ಷ್ಮದರ್ಶಕದಲ್ಲಿ ನೋಡಿ, ಸುಮಾರು 750 ಕಿರುಗಣ್ಣುಗಳು ಸಾಲು ತಪ್ಪದೆ ಕೂತಿರುತ್ತವೆ.

ಕಣ್ಣಿನ ಬಣ್ಣ ಅಂದಮೇಲೆ ವಿಜ್ಞಾನಿ ಮಾರ್ಗನ್ ಅವರನ್ನು ಬಿಡಲಾದೀತೇ? 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರಿಗೆ ಸಿಕ್ಕ ಬಿಳಿಗಣ್ಣಿನ ಗಂಡುನೊಣ ವಂಶವಾಹಿ ವಿಜ್ಞಾನದ ಹಾದಿಯನ್ನೇ ಬದಲಿಸಿತು. ಅದು ದೊಡ್ಡ ಕಥೆ, ಇನ್ನೊಮ್ಮೆ ಕೂತು ಮಾತಾಡೋಣ. ನನಗೆ ಬಣ್ಣಕ್ಕಿಂತ ದಿಕ್ಕಿನದೇ ಬೆರಗು.

ಪ್ರತಿ ಕಿರುಗಣ್ಣಿನಲ್ಲೂ ಬೆಳಕು ಹಿಡಿಯುವ 8 ಕೋಶಗಳಿವೆ. ಹುಳುವಿನ ಹಂತದಲ್ಲೇ ಈ ಗುಂಪುಗಳು ಮೂಡಿ, ನಿಧಾನವಾಗಿ 90 ಡಿಗ್ರಿ ತಿರುಗುತ್ತವೆ. ಮೇಲರ್ಧದವು ಒಂದು ಕಡೆಗೆ, ಕೆಳಗರ್ಧದವು ಇನ್ನೊಂದು ಕಡೆಗೆ. ನಡುವೆ ಗೆರೆ ಎಳೆದರೆ ಇತ್ತ ಬಿಂಬ, ಅತ್ತ ಪ್ರತಿಬಿಂಬ! ಎತ್ತ ತಿರುಗಬೇಕೆಂದು ಆ ಕೋಶಗಳಿಗೆ ಹೇಳಿದವರು ಯಾರು?

ನೆರೆಯವರೇ. ಪಕ್ಕದ ಮನೆಯ ಬಾಗಿಲು ಎತ್ತ ಇದೆಯೆಂದು ನೋಡಿ ನಾವು ಬಾಗಿಲಿಡುವಂತೆ, ಒಂದು ಕೋಶ ಪಕ್ಕದ ಕೋಶವನ್ನು ಕೇಳಿಕೊಳ್ಳುತ್ತದೆ. ಆ 8 ಕೋಶಗಳಲ್ಲಿ ಆರ್3, ಆರ್4 ಎಂಬ ಜೋಡಿಯದೇ ಮುಖ್ಯ ಮಾತುಕತೆ. ನಡುಗೆರೆಗೆ ಹತ್ತಿರದ ಕೋಶದಲ್ಲಿ ಫ್ರಿಜಲ್ಡ್ ಪ್ರೋಟೀನಿನ ಕೆಲಸ ಜೋರು. ಅದು ಡೆಲ್ಟಾ ಎಂಬ ಪ್ರೋಟೀನಿನ ಮೂಲಕ ಪಕ್ಕದವನ ನಾಚ್ ಎಂಬ ಗ್ರಾಹಕವನ್ನು ಎಬ್ಬಿಸುತ್ತದೆ, ಪಕ್ಕದವನು ಆರ್4 ಆಗುತ್ತಾನೆ. ಈ ಒಪ್ಪಂದದ ಮೇಲೆಯೇ ಗುಂಪಿನ ಪೂರ್ತಿ ದಿಕ್ಕು ನಿಂತಿದೆ.

ಸಂಶೋಧಕರಿಗೆ ಇದು ತಿಳಿದದ್ದು ಕೆಟ್ಟ ಕಣ್ಣುಗಳನ್ನು ನೋಡಿಯೇ. ನೆಮೊ ವಂಶವಾಹಿ ಕೆಟ್ಟರೆ ಗುಂಪುಗಳು ಅರ್ಧ ದಾರಿಯಲ್ಲಿ, 45 ಡಿಗ್ರಿಗೇ ನಿಂತುಬಿಡುತ್ತವೆ. ಅದನ್ನು 1994ರಲ್ಲಿ ಪ್ರಕಟಿಸಿದವರಲ್ಲಿ ವಿಜ್ಞಾನಿ ಸೀಮೋರ್ ಬೆಂಜರ್ ಒಬ್ಬರು. ಅವರ ಜೊತೆ ನೊಣಗಳ ಮೇಲೆ ದುಡಿದ ಒಬೈದ್ ಸಿದ್ದೀಕಿಯವರೇ ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಕಟ್ಟಿದ್ದು. ನೊಣದ ಈ ಋಣ ನಮ್ಮೂರಿನ ಮೇಲೂ ಇದೆ, ಹೇಳದೆ ಹೇಗೆ ಬಿಡಲಿ?

ಇನ್ನೊಂದು ಸಂಗತಿ. 1998ರಲ್ಲಿ ಸಂಶೋಧಕರ ಎರಡು ತಂಡಗಳು ದಿಕ್ಕು ಹೇಳುವ ಒಂದೇ ವಂಶವಾಹಿಯನ್ನು ವಿವರಿಸಿದವು. ರೆಕ್ಕೆಯ ಕೂದಲು ಸುಳಿಸುಳಿಯಾದದ್ದನ್ನು ಕಂಡವರು ಅದನ್ನು ವ್ಯಾನ್ ಗೋ ಅಂದರು, ಕಣ್ಣು ನೋಡಿದವರು ಸ್ಟ್ರಾಬಿಸ್ಮಸ್, ಅಂದರೆ ಮೆಳ್ಳೆಗಣ್ಣು ಅಂದರು. ರೆಕ್ಕೆಯಲ್ಲೂ ಕಣ್ಣಲ್ಲೂ ದಿಕ್ಕು ಹೇಳುವ ಪ್ರೋಟೀನುಗಳ ಗುಂಪು ಒಂದೇ ಎಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಬೇಕೇ?

ಆ ವಂಶವಾಹಿಯ ಬಂಧುವೊಂದು ನಮ್ಮ ಮೈಯಲ್ಲೂ ಇದೆ, ಹೆಸರು ವ್ಯಾಂಗಲ್1. ಗರ್ಭದಲ್ಲಿ ಬೆನ್ನುಹುರಿಯ ಕೊಳವೆ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ ಕೆಲವರಲ್ಲಿ ಅದರ ದೋಷವನ್ನು ಸಂಶೋಧಕರು 2007ರಲ್ಲಿ ಗುರುತಿಸಿದರು.