ಸಾರಿಲ್ಲದ ಕೋಳಿ

ಭಾನುವಾರ ಸಂಜೆ ಏಳು ಗಂಟೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬೈಕ್ ನಿಲ್ಲಿಸಲು ಜಾಗ ಸಿಗದೆ ಎರಡು ಸುತ್ತು ಹೊಡೆದಿದ್ದೀರಿ. ಮೂಗು ಮಾತ್ರ ಆಗಲೇ ಅಂಗಡಿ ಸೇರಿದೆ.

ಗಾಜಿನ ಪೆಟ್ಟಿಗೆಯೊಳಗೆ ಗ್ಯಾಸ್ ಬರ್ನರುಗಳು ಕೆಂಡದ ಬಣ್ಣಕ್ಕೆ ತಿರುಗಿವೆ. ಅವುಗಳ ಮುಂದೆ ಒಂದರ ಕೆಳಗೊಂದು ಕಂಬಿ, ಕಂಬಿ ತುಂಬ ಕೋಳಿ, ಸುತ್ತುತ್ತಲೇ ಇವೆ. ಮೇಲಿನದರ ಜಿಡ್ಡು ಕೆಳಗಿನದರ ಬೆನ್ನಿಗೆ ತೊಟ್ಟಿಕ್ಕುತ್ತದೆ, ಅದರದ್ದು ಇನ್ನೂ ಕೆಳಗಿನದಕ್ಕೆ. ಅದಕ್ಕೇ ಕೆಳಸಾಲಿನ ಕೋಳಿ ಕೇಳುವುದು ನನ್ನ ಚಾಳಿ. ಹುಡುಗ ಅದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ. ಯಾವುದು ಬೆಂದಿದೆಯೋ ಅದನ್ನೇ ಎಳೆಯುತ್ತಾನೆ.

"ಫುಲ್ಲಾ, ಹಾಫಾ ಸಾರ್?"

"ಒಂದು ಫುಲ್, ಪಾರ್ಸಲ್. ಕಟ್ ಮಾಡೋದು ಬೇಡ."

"ಹತ್ತು ನಿಮಿಷ ಆಗುತ್ತೆ."

ಕಾಯುವವರ ಗುಂಪು ಫುಟ್‌ಪಾತಿಗೆ ಇಳಿದಿದೆ. ನಿನ್ನೆ ಬಂದಿದ್ದರೆ ಇಷ್ಟು ಜನ ಇರುತ್ತಿರಲಿಲ್ಲ. ಶನಿವಾರವನ್ನು ಆಂಜನೇಯನಿಗೆ, ಸೋಮವಾರವನ್ನು ಈಶ್ವರನಿಗೆ ಬಿಟ್ಟುಕೊಟ್ಟ ಮನೆಗಳಿಗೆ ಉಳಿಯುವುದು ನಡುವಿನ ಈ ಒಂದು ದಿನ. ಪಕ್ಕದ ಬಾಣಲೆಯಲ್ಲಿ ಕಬಾಬು ಮೊದಲಿನಷ್ಟು ಕೆಂಪಗಿಲ್ಲ. 2024ರ ಜೂನ್‌ನಲ್ಲಿ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶಿಸಿತು. ಅಲ್ಲಿಂದೀಚೆಗೆ ಅದು ಯಕ್ಷಗಾನದ ಚೌಕಿಯಲ್ಲಿ ಬಣ್ಣ ಒರೆಸಿಕೊಂಡು ಕೂತ ವೇಷಧಾರಿಯ ಹಾಗೆ ಕಾಣುತ್ತದೆ.

ಫಾಯಿಲ್ ಸುತ್ತಿದ ಕೋಳಿ, ಎರಡು ಕುಬ್ಬೂಸ್, ಮಯೋನೈಸ್ ಡಬ್ಬಿ. ಕವರನ್ನು ಹ್ಯಾಂಡಲ್ಲಿಗೆ ನೇತುಹಾಕಿ ಹೊರಡುತ್ತೀರಿ. ಬಸ್‌ಸ್ಟ್ಯಾಂಡ್ ದಾಟಿ, ತುಂಗೆಯ ಸೇತುವೆ ದಾಟಿ, ವಿದ್ಯಾನಗರ, ಮಾಚೇನಹಳ್ಳಿ. ಮಂಡಿಗೆ ತಗುಲುವ ಕವರು ಇನ್ನೂ ಬಿಸಿ. ಆದರೆ ಒಳಗಿನ ಹಬೆ ಗರಿಗರಿ ಚರ್ಮವನ್ನು ಆಗಲೇ ಮೆತ್ತಗೆ ಮಾಡುತ್ತಿದೆ. ದಾರಿಯಲ್ಲಿ ನಿಲ್ಲಿಸಿ ಫಾಯಿಲ್‌ನ ಬಾಯಿ ಸ್ವಲ್ಪ ಬಿಚ್ಚುತ್ತೀರಿ. ಇನ್ನು ಭದ್ರಾವತಿಯವರೆಗೂ ವಾಸನೆ ಕಾಡುತ್ತದೆ, ಅನುಭವಿಸಿ.

ಸುಟ್ಟ ಕೋಳಿ ಭದ್ರಾವತಿಯಲ್ಲೂ ಸಿಗುತ್ತದೆ, ಬೇರೇನೋ ಕೆಲಸಕ್ಕೆ ಹೋದವರು ತಂದಿರಿ, ಅಷ್ಟೇ. ಬೆಂಕಿಪುರ ಎಂಬ ಹಳೆಯ ಹೆಸರಿನ ಊರು ಇದು. 1923ರಲ್ಲಿ ಇಲ್ಲಿನ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಸೌದೆ ಸುಟ್ಟು ಮಾಡಿದ ಇದ್ದಿಲಿನಿಂದ. ಈಗ ಸುಟ್ಟ ಕೋಳಿಯ ಎಲ್ಲ ಬೋರ್ಡುಗಳ ಮೇಲೂ ಇರುವ ಅಲ್ ಫಹಮ್‌ನಲ್ಲಿ 'ಫಹಮ್' ಅಂದರೂ ಅರಬ್ಬಿಯಲ್ಲಿ ಇದ್ದಿಲೇ!

ನ್ಯೂಟೌನ್‌ನ ಮನೆಯಲ್ಲಿ ದೋಸೆ ಕಾವಲಿ ಕಾಯಿಸಿ, ಕೋಳಿಯ ಬೆನ್ನು ಕೆಳಗೆ ಮಾಡಿ ಐದು ನಿಮಿಷ ಒತ್ತಿಡುತ್ತೀರಿ. ಚರ್ಮ ಚಟಪಟ ಎನ್ನುತ್ತದೆ. ಇವತ್ತು ಒಲೆ ಹಚ್ಚೋದೇ ಬೇಡ ಅಂತ ಬೆಳಿಗ್ಗೆಯೇ ಅಮ್ಮನಿಗೆ ಹೇಳಿದ್ದಿರಿ. ಆದರೂ ಕುಕ್ಕರಿನಲ್ಲಿ ಅನ್ನ ಆಗಿದೆ.

ಅಮ್ಮ ತಟ್ಟೆಯನ್ನು ಒಮ್ಮೆ ನೋಡಿ, "ಇದ್ರಲ್ಲಿ ಸಾರೆಲ್ಲೋ?" ಅನ್ನುತ್ತಾರೆ.

"ಇದಕ್ಕೆ ಸಾರಿರಲ್ಲಮ್ಮ."

"ಮತ್ತೆ ಅನ್ನಕ್ಕೇನು ಹಾಕ್ಕೊಳ್ಳೋದು?"

ಉತ್ತರಕ್ಕೆ ಕಾಯುವವರಲ್ಲ. ಬೆನ್ನು, ರೆಕ್ಕೆ, ಕುತ್ತಿಗೆಯ ಮೂಳೆ ಮುರಿದುಕೊಂಡು ಒಳಗೆ ಹೋಗುತ್ತಾರೆ. ಈರುಳ್ಳಿ ಹುರಿಯುವ ಸದ್ದು, ಆಮೇಲೆ ಮಿಕ್ಸಿಯದ್ದು: ಕಾಯಿ, ಧನಿಯ, ಚಕ್ಕೆ, ಲವಂಗ. ಇಪ್ಪತ್ತು ನಿಮಿಷಕ್ಕೆ ಹೊಗೆವಾಸನೆಯ ಸಾರು ಕುದಿಯುತ್ತಿದೆ. ನಾಟಿ ಕೋಳಿಯದ್ದಕ್ಕೆ ಸಮವಲ್ಲ, ನಿಜ. ಆದರೂ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತೀರಿ.

ಸಿಂಕಿನಲ್ಲಿ ಮಿಕ್ಸಿ ಜಾರು, ಬಾಣಲೆ, ಕುಕ್ಕರು, ಕಾವಲಿ ಬಿದ್ದಿವೆ. ಮಯೋನೈಸ್ ಡಬ್ಬಿಯ ಮುಚ್ಚಳ ತೆಗೆದೇ ಇಲ್ಲ.